ಬಾಗದೆ ಮುರಿದ ಕೊಕ್ಕೆ

“ಇನ್ನೊಂದ್ಸಲ ಹೇಳು ಕಪಿಲ. ಸಂಜುಕುಮಾರ ಒದರಿದ್ದು ಮೊದಲೋ, ಹುಕ್ ಮುರಿದದ್ದು ಮೊದಲೋ?”

ಲಾಕಪ್ಪಿನ ಸರಳುಗಳ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ ಕಪಿಲ ತಲೆ ಎತ್ತಲಿಲ್ಲ. ರಾತ್ರಿಯಿಡೀ ನಿದ್ದೆಯಿಲ್ಲದೆ ಅವನ ದನಿ ಒರಟಾಗಿತ್ತು.

“ಎಷ್ಟ್ ಸಲ ಹೇಳ್ಲಿ ಮೇಡಂ? ಒದರಿದ್ದೇ ಮೊದಲು. ‘ಸರಿಯೋ ಕಪಿಲ, ಸರಿ!’ ಅಂತ ಓಡಿ ಬಂದ್ರು. ಬಂದವರೇ ನನ್ನ ಎದಿಗೆ ಎರಡೂ ಕೈ ಹಚ್ಚಿ ದೂಡಿದ್ರು. ನಾ ಗ್ವಾಡಿಗೆ ಹೋಗಿ ಬಿದ್ದೆ. ಆಮ್ಯಾಲ ಹುಕ್ ಕಟ್ ಅಂತು. ರೋಲರ್ ಸೀದಾ ಅವರ ಮ್ಯಾಲ…”

ಮುಂದಿನದು ಸಬ್ ಇನ್ಸ್‌ಪೆಕ್ಟರ್ ಆಮ್ರಪಾಲಿಗೆ ಬೇಕಾಗಿರಲಿಲ್ಲ. ಮೊನ್ನೆ ಬಸವಕಲ್ಯಾಣದ ಬೇಳೆ ಗಿರಣಿಯಲ್ಲಿ ಯಂತ್ರದ ಭಾರಿ ರೋಲರನ್ನು ಸರಪಳಿ ರಾಟೆಯಿಂದ ಎತ್ತುವಾಗ ಕೊಕ್ಕೆ ಮುರಿದು, ಕಿರಿಯ ಮಾಲೀಕ ಸಂಜುಕುಮಾರ ಅದರಡಿಗೆ ಸಿಕ್ಕಿ ಸತ್ತಿದ್ದ. ರಾಟೆ, ಸರಪಳಿ ನೋಡಿಕೊಳ್ಳುತ್ತಿದ್ದ ಕಪಿಲನ ಮೇಲೆ ಸತ್ತವನ ಅಣ್ಣ ಅಶೋಕಕುಮಾರ ಕೊಲೆಯ ದೂರು ಕೊಟ್ಟಿದ್ದ.

ದೂರಿಗೆ ಬಲವೂ ಇತ್ತು. ವಾರದ ಹಿಂದೆ ಸಂಜುಕುಮಾರ ಎಲ್ಲರೆದುರು ಕಪಿಲನನ್ನು ಬೈದಿದ್ದ. ಆಗ ಕಪಿಲ ಅಂದ ಮಾತನ್ನು ಗಿರಣಿಯ ಅಷ್ಟೂ ಹಮಾಲರು ಕೇಳಿಸಿಕೊಂಡಿದ್ದರು: “ಒಂದಿನ ನಿನ್ನ ತಲಿ ಮ್ಯಾಲೇ ಬೀಳ್ತದ ನೋಡು.”

ಇವತ್ತು ಸಂಜೆಯೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಸೀದಾ ಜೈಲು. ಅವನೂ ಆಮ್ರಪಾಲಿಯೂ ಒಂದೇ ಬುದ್ಧವಿಹಾರಕ್ಕೆ ಹೋಗುವವರು. ‘ತಮ್ಮ ಮನುಷ್ಯಾನ್ನ ಉಳಿಸಾಕತ್ತಾಳ’ ಎಂಬ ಗುಸುಗುಸು ಚಹದಂಗಡಿಗಳಲ್ಲಿ ಆಗಲೇ ಶುರುವಾಗಿತ್ತು. ಒಂದು ಹೆಜ್ಜೆ ತಪ್ಪಿದರೆ ಅವನೂ ಮುಳುಗುತ್ತಾನೆ, ತಾನೂ ಮುಳುಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಅವಳು ಮೇಜಿನ ಮೇಲಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಎರಡು ತುಂಡಾದ ಕೊಕ್ಕೆ. ಗೇಣಿಗಿಂತ ಉದ್ದ, ಮಣಿಕಟ್ಟಿನಷ್ಟು ದಪ್ಪ.

ಮುರಿದ ಮೈಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಡೆದ ಬೆಲ್ಲದ ಹೆಂಟೆಯ ಹಾಗೆ ಕಾಳು ಕಾಳು, ಬೂದು ಬಣ್ಣ. ಹೆಬ್ಬೆರಳು ಉಜ್ಜಿದರೆ ಪೆನ್ಸಿಲ್ ಪುಡಿಯಂಥ ಕಪ್ಪು ಅಂಟಿಕೊಂಡಿತು.



ಪೊಲೀಸ್ ಪರೀಕ್ಷೆ ಬರೆಯುವ ಮೊದಲು ಅವಳು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಹೈದರಾಬಾದಿನ ಎರಕದ ಕಾರ್ಖಾನೆಯೊಂದರಲ್ಲಿ ಮರಳಿನ ಅಚ್ಚು ಹಾಕಿದ್ದಳು. ಇದು ಬೀಡು. ಕರಗಿಸಿ, ಅಚ್ಚಿಗೆ ಹೊಯ್ದ ಎರಕದ ಕಬ್ಬಿಣ. ಭಾರ ಹೊರಿಸಿದರೆ ಕಲ್ಲಿನಂತೆ ತಡೆಯುತ್ತದೆ, ಜಗ್ಗಿದರೆ ಮಣ್ಣಿನ ಗಡಿಗೆಯಂತೆ ಒಡೆಯುತ್ತದೆ. ಕುಲುಮೆಯಲ್ಲಿ ಕಾಯಿಸಿ, ಸುತ್ತಿಗೆಯಿಂದ ಬಡಿದು ಮಾಡಿದ ಹಳೆಯ ಕಬ್ಬಿಣದ ಗುಣವೇ ಬೇರೆ. ಅದನ್ನು ಮುರಿದರೆ ಕಬ್ಬಿನ ಜಲ್ಲೆ ಮುರಿದ ಹಾಗೆ ಎಳೆ ಎಳೆ ಕಾಣುತ್ತದೆ. ಅದೂ ಸುಲಭಕ್ಕೆ ಮುರಿಯುವುದಿಲ್ಲ. ಮೊದಲು ಬಾಗುತ್ತದೆ, ಬಾಯಿ ತೆರೆಯುತ್ತದೆ, ಕೆಳಗಿದ್ದವನಿಗೆ ಸರಿದುಕೊಳ್ಳಲು ಹೊತ್ತು ಕೊಡುತ್ತದೆ.

“ಕಪಿಲ, ಇದು ಅಸಲಿ ಹುಕ್ ಅಲ್ಲ.”

ಈಗ ಅವನು ತಲೆ ಎತ್ತಿದ. “ಅದು ಹ್ಯಾಂಗ ಮೇಡಂ? ಅರ್ಧಚಂದ್ರದ ಗುರುತು ಅದರ ಮ್ಯಾಲೇ ಅದ ನೋಡ್ರಿ. ಅದು ಸಾವಕಾರ್ರ ಅಜ್ಜನ ಕಾಲದ್ದು. ನಾನೇ ತಿಂಗಳಿಗೊಮ್ಮೆ ಗ್ರೀಸ್ ಹಚ್ಚತಿದ್ದೆ.”

ಗುರುತು ಇತ್ತು. ಆದರೆ ಅದರ ಅಂಚು ಸವೆದ ನಾಣ್ಯದ ಹಾಗೆ ಮೊಂಡಾಗಿತ್ತು. ಉಕ್ಕಿನ ಮೊಳೆಯಿಂದ ಹೊಡೆದ ಗುರುತು ಹೀಗಿರುವುದಿಲ್ಲ. ಕೊಕ್ಕೆಯ ಒಳಬಾಗಿನಲ್ಲಿ ಕೂದಲೆಳೆಯಷ್ಟು ತೆಳುವಾದ ಏಣು. ಅಚ್ಚಿನ ಎರಡು ಪಾಲು ಕೂಡಿದ ಜಾಗ. ಮೇಲೆಲ್ಲ ಅರದಿಂದ ತಿಕ್ಕಿ ಅಳಿಸಿದ್ದರು, ಒಳಗೆ ಅರ ಹೋಗಿರಲಿಲ್ಲ. ಯಾರೋ ಅಸಲಿ ಕೊಕ್ಕೆಯನ್ನೇ ಮರಳಿನಲ್ಲಿ ಒತ್ತಿ, ಅದರ ತಗ್ಗಿಗೆ ಬೀಡು ಹೊಯ್ದು ನಕಲು ಮಾಡಿದ್ದರು.

“ಈ ಹುಕ್ ಯಾವಾಗರೆ ಬಿಚ್ಚಿದ್ರೇನು?”

“ನಾ ಬಿಚ್ಚಿಲ್ರಿ. ಎಳ್ಳ ಅಮಾಸಿಗೆ ಗಿರಣಿ ಬಂದ್ ಇತ್ತು. ನಾವೆಲ್ಲ ಹೊಲಕ್ಕ ಹೋಗಿದ್ವಿ. ಆವಾಗ ಚಾವಿ ಸಾವಕಾರ್ರ ಮನ್ಯಾಗ ಇತ್ತು.”

“ಮೊನ್ನೆ ರೋಲರ್ ಕೆಳಗ ನೀ ಯಾಕ ನಿಂತಿದ್ದಿ?”

“ಅದು ದೊಡ್ಡ ಸಾವಕಾರ್ರ ಜಾಗಾರಿ. ರೋಲರ್ ಕೂಡಸೋವಾಗ ಅಶೋಕಕುಮಾರ ಸಾವಕಾರ್ರು ಯಾರನ್ನೂ ನಂಬಂಗಿಲ್ಲ, ತಾವೇ ಕೆಳಗ ನಿಂತು ಕೈ ಮಾಡ್ತಾರ. ಅವತ್ತು ಯಾರೋ ತೊಗರಿ ಕೊಳ್ಳೋ ಅಡತಿಯವ್ರು ಬಂದ್ರಂತ ಹೊರಗ ಹೋದ್ರು. ‘ನೀ ನಿಂದ್ರು’ ಅಂದ್ರು. ನಿಂತೆ.”

ಆಮ್ರಪಾಲಿ ಕೊಕ್ಕೆಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದಳು. ಒಂದೇ ಪ್ರಶ್ನೆ ತಲೆಯಲ್ಲಿ ಗುಂಗಿಹುಳದಂತೆ ಕೊರೆಯುತ್ತಿತ್ತು. ಬೀಡು ಮುನ್ಸೂಚನೆ ಕೊಡುವುದಿಲ್ಲ. ಬಾಗುವುದಿಲ್ಲ, ಕಿರುಗುಟ್ಟುವುದಿಲ್ಲ. ಹಾಗಿದ್ದ ಮೇಲೆ, ಅದು ಮುರಿಯುವ ಮೊದಲೇ ‘ಸರಿ’ ಎಂದು ಕೂಗಲು ಸಂಜುಕುಮಾರನಿಗೆ ಹೇಗೆ ಸಾಧ್ಯವಾಯಿತು?

ಉತ್ತರದ ನೆರಳು ಕಾಣುತ್ತಿತ್ತು. ಆದರೆ ಸತ್ತವನ ಮೇಲೆ ಬೆರಳು ತೋರಿಸಲು ನೆರಳು ಸಾಲದು.

ಠಾಣೆಯ ಮೆಟ್ಟಿಲಲ್ಲಿ ಕಪಿಲನ ತಾಯಿ ಕಾಂತಾಬಾಯಿ ಬುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಮ್ರಪಾಲಿಯನ್ನು ಕಂಡು ಎದ್ದಳು.

“ಯವ್ವಾ, ನನ್ ಮಗಂದು ಬಾಯಿ ಜೋರದ. ಕೈ ಜೋರಿಲ್ಲ.”

“ಬುತ್ತಿ ಒಳಗ ಕೊಡಸ್ತೀನಿ ಕಾಕು. ನೀವೂ ಒಂದ್ ತುತ್ತು ತಿನ್ರಿ.”

ಅದಕ್ಕಿಂತ ಹೆಚ್ಚಿನ ಮಾತು ಕೊಡಲು ಅವಳಲ್ಲಿ ಧೈರ್ಯವಿರಲಿಲ್ಲ.

ಹೆದ್ದಾರಿಯಲ್ಲಿ ಜೀಪು ಹುಮನಾಬಾದಿನ ಕಡೆ ಓಡುತ್ತಿತ್ತು. ಚಾಲಕ ಪೇದೆ ಹುಸೇನ ಮುಂಜಾನೆಯಿಂದ ಫೋನಿನಲ್ಲೇ ಎಲ್ಲ ಎರಕದ ಭಟ್ಟಿಗಳನ್ನು ಜಾಲಾಡಿದ್ದ. ಮಿಕ್ಕವರೆಲ್ಲ ದೊಡ್ಡ ಗುತ್ತಿಗೆಯ ಮಾಲು ಮಾಡುವವರು. ಒಂದೆರಡೇ ಬೇಕೆಂದರೆ ಮರಳಿನಲ್ಲಿ ಒತ್ತಿ ಹೊಯ್ದು ಕೊಡುವವನು ತುಳಜಾರಾಮ ಒಬ್ಬನೇ ಅಂತೆ.

“ಅವ ಇಲ್ಲ ಅಂದ್ರ ಮೇಡಂ?”

“ಇಲ್ಲ ಅಂತಾನ. ಹ್ಯಾಂಗ ಅಂತಾನ ಅನ್ನೋದೇ ನೋಡಬೇಕು.”

ರಾಜೇಶ್ವರದ ಕ್ರಾಸಿನಲ್ಲಿ ತೊಗರಿ ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ದಾರಿ ಕಟ್ಟಿದ್ದವು. ಸುಗ್ಗಿಯ ಕಾಲ. ಹುಸೇನ ಹಾರ್ನು ಒತ್ತಿದ, ಬೈದ, ಕೈಮುಗಿದ. ಒಂದೂ ಜರುಗಲಿಲ್ಲ. ಆಮ್ರಪಾಲಿ ಕೊಕ್ಕೆಯ ಗಂಟನ್ನು ತೊಡೆಯ ಮೇಲೆ ಒತ್ತಿ ಹಿಡಿದು ಸೂರ್ಯನನ್ನೇ ನೋಡುತ್ತ ಕೂತಳು. ಅವನೊಬ್ಬ ಎಲ್ಲೂ ನಿಲ್ಲುತ್ತಿರಲಿಲ್ಲ.

ಫೋನು ಗುನುಗಿತು. ಠಾಣೆಯಿಂದ. “ಮೇಡಂ, ಕೋರ್ಟಿನ ಕಾಗದ ಎಲ್ಲಾ ತಯಾರದಾವ. ನಿಮ್ಮ ಸಹಿ ಒಂದೇ ಬಾಕಿ.”

“ಬರ್ತೀನಿ” ಎಂದಳು. ಯಾವಾಗ ಎಂದು ಹೇಳಲಿಲ್ಲ.

ತುಳಜಾರಾಮನ ಭಟ್ಟಿ ಕೈಗಾರಿಕಾ ಪ್ರದೇಶದ ಕೊನೆಯಲ್ಲಿತ್ತು. ತಗಡಿನ ಚಾವಣಿ, ಸುಟ್ಟ ಮರಳಿನ ವಾಸನೆ. ಗೋಡೆಗುಂಟ ಪಂಪಿನ ಕವಚಗಳು, ಚರಂಡಿಯ ಮುಚ್ಚಳಗಳು. ಒಳಗೆ ಭಟ್ಟಿ ಗುರುಗುಡುತ್ತಿತ್ತು. ಇಬ್ಬರು ಆಳುಗಳು ನೆಲದ ಮೇಲಿನ ಮರಳಿನ ಅಚ್ಚುಗಳನ್ನು ಎರಕಕ್ಕೆ ಸಜ್ಜು ಮಾಡುತ್ತಿದ್ದರು.

ತುಳಜಾರಾಮ ಐವತ್ತು ದಾಟಿದವನು. ಬಿಳಿ ಅಂಗಿಯ ತುಂಬ ಕಿಡಿ ಬಿದ್ದ ತೂತುಗಳು. ಖಾಕಿ ಕಂಡ ಕೂಡಲೇ ಎದ್ದು ನಿಂತ.

“ಬರ್ರಿ ಬರ್ರಿ ಮೇಡಂ. ಕುಂದರ್ರಿ. ಚಾ ತರಸ್ತೀನಿ.”

“ಚಾ ಆಮ್ಯಾಲ.” ಅವಳು ಗಂಟು ಬಿಚ್ಚಿ ಎರಡೂ ತುಂಡುಗಳನ್ನು ಅವನ ಮೇಜಿನ ಮೇಲಿಟ್ಟಳು.

ಅವನು ನೋಡಿದ. ಕೈ ಹಾಕಲಿಲ್ಲ. ಹುಟ್ಟಿದಾಗಿನಿಂದ ಕಬ್ಬಿಣದ ಜೊತೆ ಬದುಕಿದವನು, ಎದುರಿಗೆ ಮುರಿದ ಕಬ್ಬಿಣ ಬಿದ್ದರೆ ಎತ್ತಿ ತಿರುಗಿಸಿ ನೋಡದೆ ಇರುತ್ತಾನೆಯೇ? ಇವನ ಎರಡೂ ಕೈ ಬೆನ್ನ ಹಿಂದೆ ಹೋದವು.

“ಇದು ನಮ್ಮದಲ್ರಿ.”

“ನಾ ಇನ್ನಾ ಏನೂ ಕೇಳೇ ಇಲ್ಲ.”

“ಅಲ್ಲ… ಕೇಳಾಕೇ ಬಂದಿರ್ತೀರಿ ಅಂತ ಅಂದೆ. ಕಲ್ಯಾಣದ ಗಿರಣಿದು ಪೇಪರ್‌ನಾಗ ಓದಿದ್ನಿ.”

“ಹಂಗಾದ್ರ ಜರಾ ಹೇಳ್ರಿ. ಇದು ಯಾವ ಕಬ್ಬಿಣ?”

ತುಳಜಾರಾಮ ಬಗ್ಗಿದಂತೆ ಮಾಡಿದ. “ಹಳೀ ಮಾಲ್ರಿ. ಬಡಿದಿದ್ದು ಇರಬೇಕು. ಕಮ್ಮಾರನ ಕುಲುಮಿದು. ವಯಸ್ಸಾಗಿ ಮುರಿದದ.”

“ಖರೇ?”

“ಖರೇನ್ರಿ.”

“ನೀವು ಎಷ್ಟು ವರ್ಷದಿಂದ ಭಟ್ಟಿ ನಡಸಾಕತ್ತೀರಿ?”

“ನಮ್ಮಪ್ಪನ ಕಾಲದಿಂದ್ರಿ.”

“ಜಿಂದಗಿ ತುಂಬಾ ಬೀಡು ಹೊಯ್ದಾವ್ರು, ಬೀಡು ಕಣ್ಣಿಗೆ ಬಿದ್ರೂ ಗುರುತು ಹಿಡೀಲಿಲ್ಲಂದ್ರ ನಾ ಏನಂತ ತಿಳ್ಕೋಬೇಕು ತುಳಜಾರಾಮ ಅವರ?”

ಅವನ ಹಣೆಯ ಮೇಲೆ ಬೆವರಿನ ಹನಿ ಮೂಡಿತು. ಭಟ್ಟಿಯ ಸೆಕೆಗೆ ಹುಸೇನನೂ ಬೆವರುತ್ತಿದ್ದ. ಆದರೆ ಇದು ಬೇರೆ ಬೆವರು.

“ಮೇಡಂ, ಭಾರ ಎತ್ತೋ ಹುಕ್ ಬೀಡಿನಾಗ ಯಾವ ಮಗನೂ ಹಾಕಂಗಿಲ್ರಿ. ಅದು ಪಾಪದ ಕೆಲಸ. ನಾ ಹಾಕಿಲ್ಲ. ನಮ್ಮ ಹುಡುಗರ್ನೂ ಕೇಳ್ರಿ.”

ಅವನು ಆಳುಗಳ ಕಡೆ ಕೈ ಮಾಡಿದ. ಆಮ್ರಪಾಲಿ ತಿರುಗಿ ನೋಡಿದಳು.

ಆಳುಗಳು ಭಟ್ಟಿಯಿಂದ ಕರಗಿದ ಕಬ್ಬಿಣವನ್ನು ಬಾನಿಗೆ ಇಳಿಸಿಕೊಂಡಿದ್ದರು. ನಡುವಯಸ್ಸಿನವನೊಬ್ಬ ಸರಪಳಿ ಎಳೆಯುತ್ತಿದ್ದ. ಕೆಂಡದಂತೆ ಕುದಿಯುವ ಬಾನಿ ಅಡ್ಡ ತೊಲೆಗುಂಟ ಗಾಳಿಯಲ್ಲಿ ತೂಗುತ್ತ ಬರುತ್ತಿತ್ತು. ಇನ್ನೊಬ್ಬ ಅದರ ಪಕ್ಕದಲ್ಲೇ ಬರಿಗಾಲಲ್ಲಿ ನಡೆದುಬರುತ್ತಿದ್ದ. ಬಾನಿಯ ಹಿಡಿಕೆ ಒಂದು ಹಳೆಯ, ದಪ್ಪ ಕೊಕ್ಕೆಗೆ ಸಿಕ್ಕಿಸಿತ್ತು.

ಎರಕದ ಬೆಳಕಿನಲ್ಲಿ ಅದರ ಮೈ ಮೇಲಿನ ಸುತ್ತಿಗೆಯ ಏಟುಗಳು ಒಂದೊಂದೂ ಎದ್ದು ಕಂಡವು. ಬೆನ್ನಿನ ಮೇಲೆ ಒಂದು ಅರ್ಧಚಂದ್ರ. ಅಂಚು ಉಗುರಿನಿಂದ ಕೊರೆದಷ್ಟು ಚೂಪು.

ಆಮ್ರಪಾಲಿ ಬಾನಿ ಇಳಿಯುವುದನ್ನೇ ಕಾದಳು. ಈಗ ಕೂಗಿದರೆ ಆಳಿನ ಕೈ ಜಾರಬಹುದು. ಬಾನಿ ಒಂದು ಅಚ್ಚಿಗೆ ಬಗ್ಗಿತು. ಆಮೇಲೆ ಇನ್ನೊಂದಕ್ಕೆ. ಮರಳಿನಿಂದ ನೀಲಿ ಜ್ವಾಲೆ ಎದ್ದು ಆರಿತು. ತುಳಜಾರಾಮ ಅವಳ ಕಣ್ಣು ಹೋದ ದಿಕ್ಕಿಗೆ ಕಣ್ಣು ಹೊರಳಿಸಿದ, ಮತ್ತೆ ನೆಲ ನೋಡಿದ. ಬಾನಿ ಖಾಲಿಯಾಗಿ ನೆಲ ಮುಟ್ಟುವವರೆಗೆ ಇಬ್ಬರೂ ಹಾಗೆಯೇ ನಿಂತರು.

“ಹುಸೇನ, ಆ ಹುಕ್ ಬಿಚ್ಚಸ್ರಿ.”

ತಣ್ಣೀರು ಹೊಯ್ದು, ಚಿಂದಿಯಲ್ಲಿ ಹಿಡಿದು ಹುಸೇನ ಅದನ್ನು ತಂದ. ಆಮ್ರಪಾಲಿ ಮುರಿದ ತುಂಡುಗಳನ್ನು ಮೇಜಿನ ಮೇಲೆ ಕೂಡಿಸಿ, ಹೊಸದಾಗಿ ಸಿಕ್ಕ ಹಳೆಯದನ್ನು ಪಕ್ಕಕ್ಕಿಟ್ಟಳು. ಅದೇ ಬಾಗು. ಅದೇ ಕುತ್ತಿಗೆ. ಬುಡದ ಹತ್ತಿರ ಒಂದು ಏಟು ಓರೆ ಬಿದ್ದ ಗುರುತು, ಅದೂ ಅಲ್ಲೇ. ಆದರೆ ಮುರಿದದ್ದು ಅಕ್ಕಿಕಾಳಿನ ದಪ್ಪದಷ್ಟು ಗಿಡ್ಡ.

“ಬೀಡು ಆರುವಾಗ ಕುಗ್ಗತದ. ಮರಳಿನಾಗ ಒತ್ತಿದ ಫರ್ಮಾಕ್ಕಿಂತ ಮಾಲು ಯಾವಾಗಲೂ ಸಣ್ಣದಾಗಿ ಹೊರಗ ಬರ್ತದ. ಹೌದಲ್ರಿ?”

ತುಳಜಾರಾಮ ಕುರ್ಚಿಯ ಬೆನ್ನು ಹಿಡಿದುಕೊಂಡ.

“ಅಸಲಿ ಮಾಲು ವಾಪಸ್ ಕೊಡಲಿಲ್ಲ ಯಾಕ?”

“ಅವರೇ ಬ್ಯಾಡ ಅಂದ್ರಿ. ‘ಒಗದುಬಿಡು’ ಅಂದ್ರು. ಇಂಥಾ ಕಬ್ಬಿಣ ಈಗ ಎಲ್ಲಿ ಸಿಗತದ್ರಿ ಮೇಡಂ? ನಮ್ಮದು ಹಳೀ ಹುಕ್ ಬಾಯಿ ಬಿಟ್ಟಿತ್ತು. ಒಗಿಯಾಕ ಮನಸಾಗಲಿಲ್ಲ.”

“ನಿಮ್ಮ ಹುಡುಗರ ತಲಿ ಮ್ಯಾಲ ಬಡಿದ ಕಬ್ಬಿಣ. ಮಂದಿ ತಲಿ ಮ್ಯಾಲ ಬೀಡು.”

ಆ ಮಾತಿಗೆ ಅವನು ಕುಸಿದು ಕೂತ. ಸರಪಳಿಯ ಹತ್ತಿರ ನಿಂತಿದ್ದ ಆಳು ಮಾಲೀಕನನ್ನೇ ನೋಡುತ್ತಿದ್ದ. ಆ ನೋಟವನ್ನು ತಡೆಯಲಾರದೆ ತುಳಜಾರಾಮ ಮುಖ ತಿರುಗಿಸಿಕೊಂಡ.

“ನಾ ಹೇಳೀನಿ ಮೇಡಂ, ಅಲ್ಲಾನ ಆಣಿ, ದೇವರಾಣಿ, ಯಾವ ಆಣಿ ಬೇಕು ಮಾಡ್ತೀನಿ. ‘ಇದಕ್ಕ ಭಾರ ಹಾಕಬ್ಯಾಡ್ರಿ’ ಅಂತ ಹೇಳೀನಿ. ‘ಏ, ಶೋಕಿಗಿ ಬೇಕು. ಮನಿ ಮುಂದ ದೀಪ ತೂಗ ಹಾಕ್ತೀನಿ’ ಅಂದ್ರು. ನಂಬಿದ್ನಿ. ಆಮ್ಯಾಲ ಪೇಪರ್‌ನಾಗ ಸುದ್ದಿ ಓದಿ ಕೈಕಾಲು ಬಿದ್ದುಹೋದ್ವು. ಹೆಂಡ್ತಿ ಮುಂದೂ ಬಾಯಿ ಬಿಟ್ಟಿಲ್ಲ.”

“ಯಾರು ಬಂದಿದ್ರು?”

ತುಳಜಾರಾಮ ಬಾಗಿಲ ಕಡೆ ನೋಡಿದ.

“ಅಲ್ಲಿ ಒಬ್ಬಾಂವ ಒಳಗ ಕುಂತಾನ. ಅವನ ತಾಯಿ ಮೆಟ್ಟಲ ಮ್ಯಾಲ ಕುಂತಾಳ. ಹೆಸರು ಹೇಳ್ರಿ. ನಾ ಇವತ್ತೇ ಹೋಗಿ ಹಿಡೀತೀನಿ.”

“ಅವರ್ನ ಹಿಡಿಯಾಕಾಗಂಗಿಲ್ರಿ.”

“ಯಾಕ? ಓಡಿಹೋಗ್ಯಾರ?”

“ಮಣ್ಣಾಗ ಹೋಗ್ಯಾರ.” ತುಳಜಾರಾಮ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. “ಸಂಜುಕುಮಾರ ಸಾವಕಾರ್ರೇ ಬಂದಿದ್ರು. ಎಳ್ಳ ಅಮಾಸಿ ದಿನ. ತಮ್ಮ ಗಾಡ್ಯಾಗ, ತಾವೊಬ್ರೇ.”

ಹುಸೇನ “ಯಾ ಅಲ್ಲಾ” ಎಂದ.

ಆಮ್ರಪಾಲಿಗೆ ಆಶ್ಚರ್ಯವಾಗಲಿಲ್ಲ. ಲಾಕಪ್ಪಿನ ಎದುರು ಕಂಡ ನೆರಳಿಗೆ ಈಗ ಮುಖ ಮೂಡಿತ್ತು. ಅವನಿಗೆ ಗೊತ್ತಿತ್ತು. ಕೊಕ್ಕೆ ಬದಲಿಸಿದವನೇ ಅವನು. ರೋಲರಿನ ಕೆಳಗೆ ಯಾವಾಗಲೂ ನಿಲ್ಲುವವನು ಅಣ್ಣ; ಆ ಬಲೆ ಹೆಣೆದದ್ದು ಅಣ್ಣನಿಗೆ. ಆ ದಿನ ಅಣ್ಣ ಹೊರಗೆ ಹೋದ, ಕಪಿಲ ಬಂದು ನಿಂತ. ಕೂಲಿಯವನೊಬ್ಬ ಸುಮ್ಮನೆ ಸಾಯುವುದನ್ನು ನೋಡಲಾರದೆ ಸಂಜುಕುಮಾರ ಓಡಿ ಬಂದು ಅವನನ್ನು ದೂಡಿದ್ದ. ಅಣ್ಣನನ್ನು ಕೊಲ್ಲಲು ಹೊರಟವನಿಗೆ ಅಷ್ಟು ಕರುಳು ಎಲ್ಲಿಂದ ಬಂತೋ. ಅಣ್ಣನ ಮೇಲೆ ಅವನಿಗಿದ್ದ ಹಗೆ ಎಂಥದೆಂದು ಇನ್ನು ಯಾರನ್ನು ಕೇಳುವುದೋ.

ಏನಾದರೂ ಇರಲಿ, ಕಪಿಲ ಉಳಿದ. ತುಳಜಾರಾಮನ ಹೇಳಿಕೆ ಬರೆಸಿಕೊಂಡು, ಎರಡೂ ಕೊಕ್ಕೆಗಳನ್ನು ನ್ಯಾಯಾಧೀಶರ ಮುಂದಿಟ್ಟರೆ ಸಾಕು. ಎಷ್ಟೋ ಹೊತ್ತಿನ ಮೇಲೆ ಅವಳು ಪೂರ್ತಿ ಉಸಿರು ಎಳೆದುಕೊಂಡಳು.

“ಹುಸೇನ, ಇವರನ್ನ ಗಾಡ್ಯಾಗ ಕೂಡಸ್ರಿ. ಹೇಳಿಕಿ ಠಾಣ್ಯಾಗೇ ತೊಗೊಳ್ಳೋಣು.”

ತುಳಜಾರಾಮ ಚಪ್ಪಲಿ ಮೆಟ್ಟುತ್ತ, ಎಲ್ಲ ಹೇಳಿ ಹಗುರಾದವನಂತೆ, ಕೇಳದ ಮಾತನ್ನೂ ಹೇಳಿದ.

“ನಾ ಮದಲ ಒಂದೇ ಸಾಕು ಅಂದಿದ್ನಿ ಮೇಡಂ. ಅವರೇ ಕೇಳಲಿಲ್ಲ. ‘ದೀಪ ಅಂದ್ರ ಜೋಡಿ ಇರ್ತಾವು. ಎರಡು ಹಾಕು’ ಅಂದ್ರು.”

ಆಮ್ರಪಾಲಿ ಬಾಗಿಲಲ್ಲೇ ನಿಂತಳು.

“ಎರಡು?”

“ಹೌದ್ರಿ. ಎರಡೂ ಒಂದೇ ದಿನ ತೊಗೊಂಡು ಹೋದ್ರು.”

ಒಂದು ಮುರಿದು ಮೇಜಿನ ಮೇಲಿದೆ. ಇನ್ನೊಂದು? ಅದನ್ನು ಎಲ್ಲಿಟ್ಟ ಎಂದು ಗೊತ್ತಿದ್ದವನು ಒಬ್ಬನೇ, ಅವನು ಮಣ್ಣಿನಲ್ಲಿದ್ದಾನೆ. ಪಂಚನಾಮೆ ಮುಗಿದು ಗಿರಣಿ ಇವತ್ತು ಮುಂಜಾನೆ ಮತ್ತೆ ತೆರೆದಿದೆ. ಸುಗ್ಗಿ. ತೊಗರಿಯ ಟ್ರ್ಯಾಕ್ಟರುಗಳು ದಾರಿಯುದ್ದಕ್ಕೂ ಸಾಲುಗಟ್ಟಿವೆ. ಗಿರಣಿ ನಡೆಯಬೇಕೆಂದರೆ ಬಿದ್ದ ರೋಲರನ್ನು ಮತ್ತೆ ಎತ್ತಬೇಕು.

ಅವಳು ಫೋನು ತೆಗೆದು ಅಶೋಕಕುಮಾರನ ಹೆಸರು ಹುಡುಕಿ ಹಚ್ಚಿದಳು. ರಿಂಗಾಯಿತು, ರಿಂಗಾಯಿತು, ಕಡಿದುಹೋಯಿತು. ಮತ್ತೆ ಹಚ್ಚಿದಳು.

“ಹಲೋ!” ಅಶೋಕಕುಮಾರನ ಹಿಂದೆ ಯಂತ್ರಗಳ ಗದ್ದಲ.

“ಸಾವಕಾರ್ರ, ನಾ ಆಮ್ರಪಾಲಿ. ರೋಲರ್ ಎತ್ತೋದು ಬಂದ್ ಮಾಡಸ್ರಿ!”

“ಏನ್ರೀ? ಜೋರ್ ಮಾತಾಡ್ರಿ, ಮಷೀನ್ ನಡದಾವ.”

“ಹುಕ್! ಮುರಿದ ಹುಕ್ ಜಾಗಾಕ್ಕ ಏನ್ ಹಾಕೀರಿ?”

“ಹಾಂ, ಅದಾ? ನಮ್ಮ ಸಂಜೂನ ಅಲಮಾರದಾಗ ಒಂದು ಸಿಕ್ತ್ರಿ. ಥೇಟ್ ಅದೇ ನಮೂನಿ, ಚಂದ್ರನ ಗುರುತಿಂದು. ನಮ್ಮಜ್ಜನ ಕಾಲಕ್ಕ ಜೋಡಿ ಇತ್ತೇನೋ, ನನಗೂ ಗೊತ್ತಿರಲಿಲ್ಲ.” ಅವನ ದನಿ ಒದ್ದೆಯಾಯಿತು. “ಹೋಗೋವಾಗೂ ನನಗ ಕೆಲಸಕ್ಕ ಬರೋದು ಇಟ್ಟು ಹೋಗ್ಯಾನ್ರಿ, ಪಾಪ.”

“ರೋಲರ್ ಈಗ ಎಲ್ಲದ?”

“ಮ್ಯಾಲ ಅದ. ಕೂಡಸಾಕತ್ತೀವಿ.”

“ಕೆಳಗ ಯಾರಿದ್ದಾರ?”

“ಇನ್ಯಾರಿರ್ತಾರ್ರಿ? ನಾನೇ ನಿಂತೀನಿ.”

“ಹೊರಗ ಬರ್ರಿ! ಸಾವಕಾರ್ರ, ಹೊರಗ ಓಡ್ರಿ! ಅದು ಬೀಡಿಂದು!”

“ಏನಂದ್ರಿ? ಕೇಳಸವಲ್ದು… ಏಯ್, ಮಷೀನ್ ಬಂದ್ ಮಾಡ್ರೋ! ಮೇಡಂ ಏನೋ ಹೇಳಾಕತ್ತಾರ.”

ಒಂದೊಂದಾಗಿ ಯಂತ್ರಗಳು ನಿಂತವು. ಗದ್ದಲ ಇಳಿದು ಗಿರಣಿಯೆಲ್ಲ ಸುಮ್ಮನಾಯಿತು. ಭಾರ ಹೊತ್ತ ಸರಪಳಿ ನಿಧಾನಕ್ಕೆ ತೂಗುವುದು ಕೂಡ ಫೋನಿನಲ್ಲಿ ಕೇಳುತ್ತಿತ್ತು.

“ಹಾಂ, ಈಗ ಹೇಳ್ರಿ ಮೇಡಂ…”

ಆಮ್ರಪಾಲಿ ಬಾಯಿ ತೆರೆದಳು. ಅವಳ ಮಾತು ಹೊರಡುವ ಮೊದಲೇ ಆ ಕಡೆಯಿಂದ, ಒಣ ಕಡ್ಡಿ ಮುರಿದಷ್ಟು ಸಣ್ಣದೊಂದು ಸದ್ದು ಕೇಳಿಸಿತು.